ಲೂಪಿನ ಮೇಲೆ ಒಕ್ಕಣೆ

ರಸ್ತೆಗೂ ಒಂದು ಸ್ವಭಾವ ಇರುತ್ತದೆ ಎಂದು ಕೆಂಪಣ್ಣ ನಂಬಿದ್ದ. ರಸ್ತೆಗೆ ಇರುವುದು ಸ್ವಭಾವವಲ್ಲ, ವೇಗ ಎಂದು ಅವನ ತಮ್ಮನ ಮಗಳು ಆಶಾರಾಣಿ ನಂಬಿದ್ದಳು. ಒಬ್ಬ ಬೇಸಾಯಗಾರ, ಒಬ್ಬಳು ಇಂಜಿನಿಯರ್. ಇಬ್ಬರೂ ಒಂದೇ ರಸ್ತೆಯ ವಿಷಯದಲ್ಲಿ ಒಟ್ಟಿಗೇ ಏಮಾರಿದರು.

ಬೆಂಗಳೂರು–ಮಂಗಳೂರು ಹೆದ್ದಾರಿಯಿಂದ ಹೊಳೆನರಸೀಪುರದ ಕಡೆಗೆ ಹೋಗುವವರಿಗಾಗಿ ಚನ್ನರಾಯಪಟ್ಟಣದ ಹತ್ತಿರ ಹೊಸದಾಗಿ ಒಂದು ಇಂಟರ್‌ಚೇಂಜ್ ಕಟ್ಟಿದ್ದರು. ಹೆದ್ದಾರಿ ಸೇತುವೆಯ ಮೇಲೆ ನೇರ ಹೋಗುತ್ತದೆ, ಹೊಳೆನರಸೀಪುರದ ರಸ್ತೆ ಕೆಳಗೆ ಅಡ್ಡ ಹಾಯುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಯಲು ಪಕ್ಕದಲ್ಲಿ ದುಂಡಗೆ ಸುತ್ತುವ ಒಂದು ಒಂಟಿ ರಸ್ತೆ. ಇಂಜಿನಿಯರುಗಳ ಬಾಯಲ್ಲಿ ಅದು ಲೂಪ್ ರ‍್ಯಾಂಪ್; ಊರವರ ಬಾಯಲ್ಲಿ ಲೂಪು. ಕಟ್ಟುವ ಕೆಲಸ ಸರಿಯಾಗಿ ಆಗಿದೆಯೇ ಎಂದು ನೋಡಿಕೊಳ್ಳುವ ಖಾಸಗಿ ಕಂಪನಿಯಲ್ಲಿ ಆಶಾರಾಣಿಗೆ ಕೆಲಸ. ಅರಕಲಗೂಡಿನಲ್ಲಿ ಬೆಳೆದವಳು, ಈಗ ಹಾಸನದಲ್ಲಿ ಮನೆ. ಲೂಪು ಬಂದದ್ದು ಅವಳ ದೊಡ್ಡಪ್ಪನ ಜಮೀನಿನ ಮೇಲೆ, ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನಲ್ಲಿ. ಕೆಂಪಣ್ಣನ ತಮ್ಮನ ಮಗಳೇ ಗೆರೆ ಎಳೆದದ್ದು ಎಂದು ಊರವರ ತೀರ್ಮಾನ. ಗೆರೆ ಎಳೆದಾಗ ಅವಳಿನ್ನೂ ಕಾಲೇಜಿನಲ್ಲಿದ್ದಳು ಎಂದರೆ ಯಾರು ಕೇಳುತ್ತಾರೆ!

ಯಾವ ತಿರುವನ್ನಾದರೂ ಕಟ್ಟುವ ಮೊದಲೇ ಅದಕ್ಕೊಂದು ವೇಗ ಗೊತ್ತುಮಾಡುತ್ತಾರೆ. ಡಿಸೈನ್ ಸ್ಪೀಡ್ ಎಂದು ಅದರ ಹೆಸರು. ಹೆದ್ದಾರಿಗೆ ಗಂಟೆಗೆ ನೂರು ಕಿಲೋಮೀಟರ್, ಈ ಲೂಪಿಗೆ ನಲವತ್ತು. ಆ ನಲವತ್ತಕ್ಕೆ ತಕ್ಕ ಹಾಗೆ ಸುತ್ತು ಎಷ್ಟಿರಬೇಕು, ರಸ್ತೆ ಒಳಮಗ್ಗುಲಿಗೆ ಎಷ್ಟು ವಾಲಿರಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ನಲವತ್ತರಲ್ಲಿ ಬಂದವನನ್ನು ರಸ್ತೆಯೇ ಕೈಹಿಡಿದು ಸುತ್ತಿಸಿ ಕಳಿಸುತ್ತದೆ. ಎಪ್ಪತ್ತರಲ್ಲಿ ಬಂದವನನ್ನು ಹೊರಕ್ಕೆ ದಬ್ಬುತ್ತದೆ. ತೊಂದರೆ ಏನೆಂದರೆ ಗಾಡಿ ಓಡಿಸುವ ಪುಣ್ಯಾತ್ಮ ನಕ್ಷೆ ನೋಡಿಕೊಂಡು ಬರುವುದಿಲ್ಲ. ನೂರರಲ್ಲಿ ಬರುತ್ತಿದ್ದವನು ನಲವತ್ತಕ್ಕೆ ಇಳಿಯಲು ಒಂದಿಷ್ಟು ಉದ್ದದ ದಾರಿ ಬೇಕು. ಇಲ್ಲಿ ಜಾಗದ ಅಭಾವಕ್ಕೆ ಆ ದಾರಿಯನ್ನು ಗಿಡ್ಡ ಮಾಡಿದ್ದರು.

ಅದಕ್ಕೇ ಒಂದು ಷರತ್ತು ಇತ್ತು. ಲೂಪನ್ನು ಪ್ರಯೋಗಕ್ಕೆಂದು ವಾಹನಗಳಿಗೆ ಬಿಟ್ಟು, ಅವು ನಿಜವಾಗಿ ಯಾವ ವೇಗದಲ್ಲಿ ಬರುತ್ತವೆ ಎಂದು ಅಳೆಯಬೇಕು. ನಲವತ್ತರ ಆಸುಪಾಸಿನಲ್ಲಿದ್ದರೆ ಇದ್ದ ಹಾಗೇ ಹೆದ್ದಾರಿಯವರಿಗೆ ಹಸ್ತಾಂತರ. ಹೆಚ್ಚಿದ್ದರೆ ಕಟ್ಟಿದ ಕಂಪನಿ ಮತ್ತೆ ಕೈಹಾಕಬೇಕು: ವೇಗ ಇಳಿಸುವ ದಾರಿಯನ್ನು ಉದ್ದ ಮಾಡಬೇಕು, ರಸ್ತೆಗೆ ಅಡ್ಡ ಉಬ್ಬುಪಟ್ಟಿ ಹಾಕಬೇಕು, ಆಚೆ ಈಚೆ ಓಡಾಡುವ ಊರವರಿಗೆ ಕೆಳಗಡೆಯಿಂದ ಒಂದು ದಾರಿ ಬಿಡಬೇಕು.

ಅಳೆಯುವ ಕೆಲಸಕ್ಕೆ ಸಂಕ್ರಾಂತಿ ಮುಗಿದ ಮೇಲೆ ಒಂದು ಏಜೆನ್ಸಿಯವರು ಬಂದರು. ಲೂಪಿಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆ ಹಾಸಿ, ಪಕ್ಕದಲ್ಲೊಂದು ವೇಗ ದಾಖಲಿಸುವ ಡಬ್ಬಿ ಇಟ್ಟು, ವಾರ ಬಿಟ್ಟು ಬಂದು ತೆಗೆದುಕೊಂಡು ಹೋದರು. ಆಶಾರಾಣಿಗೆ ಆ ವಾರ ಗೊರೂರಿನ ಕಡೆ ಬೇರೆ ಕೆಲಸವಿತ್ತು. ಅಂಕಿ ಬಂದಾಗ ಅವಳ ಮೇಲಧಿಕಾರಿ ಕೀರ್ತಿರಾಜ್ ಹಾಸನದ ಆಫೀಸಿನಲ್ಲಿ ಕುರ್ಚಿಯಿಂದ ಎದ್ದೇ ನಿಂತ. ಮೂವತ್ತು, ಮೂವತ್ತೆರಡು, ಇಪ್ಪತ್ತೊಂಬತ್ತು. ಹಗಲು ಬಂದ ಗಾಡಿಗಳಲ್ಲಿ ನಲವತ್ತು ದಾಟಿದವೇ ಅಪರೂಪ. ರಾತ್ರಿಯ ಅಂಕಿ ಸ್ವಲ್ಪ ಮೇಲಿತ್ತು, ಆದರೆ ರಾತ್ರಿ ಗಾಡಿಗಳೇ ಕಡಿಮೆ, ಸರಾಸರಿಯಲ್ಲಿ ಕರಗಿಹೋಯಿತು.

“ನಮ್ಮ ಜಿಲ್ಲೆಯವರು ಇಷ್ಟು ಶಿಸ್ತಿನವರು ಅಂತ ಗೊತ್ತೇ ಇರಲಿಲ್ಲ ಕಣ್ರೀ,” ಅಂದ ಕೀರ್ತಿರಾಜ್. “ಸೋಮವಾರ ಹಸ್ತಾಂತರ. ನೀವು ಒಂದ್ಸಲ ಸ್ಥಳ ನೋಡ್ಕೊಂಡು ಬಂದು ಸೈನ್ ಹಾಕಿ.”

ಕೊಣನೂರು ಬಸ್ಸಿನಲ್ಲಿ ನೇತಾಡಿಕೊಂಡು ಬೆಳೆದವಳಿಗೆ ಈ ಶಿಸ್ತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಅಂಕಿ ತನ್ನ ಪಕ್ಷದಲ್ಲಿರುವಾಗ ಅದರ ಜೊತೆ ಯಾರು ಜಗಳ ಕಾಯುತ್ತಾರೆ? ಅವಳೂ ಕಾಯಲಿಲ್ಲ.

ಸ್ಥಳ ನೋಡಲು ಹೋದವಳು ಮಧ್ಯಾಹ್ನದ ಊಟಕ್ಕೆ ದೊಡ್ಡಪ್ಪನ ಮನೆಗೆ ಹೋದಳು. ಹೋಗದಿದ್ದರೆ ಆ ಮನೆಯಲ್ಲಿ ಒಂದು ವರ್ಷ ಮಾತು ಕೇಳಬೇಕಾಗುತ್ತಿತ್ತು. ಕೆಂಪಣ್ಣ ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಬೇರೆಯವರ ಜಗಳಕ್ಕೆ ಪಂಚಾಯ್ತಿ ಹೇಳುವವನು. ಅವನ ಹಳೆಯ ಕಣ, ಅಂದರೆ ತಲೆತಲಾಂತರದಿಂದ ರಾಗಿ ಹುರುಳಿ ಬಡಿದು ಕಾಳು ಮಾಡುತ್ತಿದ್ದ ಜಾಗ, ಈಗ ಸರಿಯಾಗಿ ಲೂಪಿನ ಹೊಟ್ಟೆಯೊಳಗೆ ಸೇರಿತ್ತು. ಪರಿಹಾರ ತಗೊಂಡಿದ್ದ, ತಕರಾರು ಇರಲಿಲ್ಲ. ಆ ದುಂಡು ಜಾಗದಲ್ಲಿ ಹೆದ್ದಾರಿಯವರು ಸಸಿ ನೆಟ್ಟು ಟ್ಯಾಂಕರ್ ನೀರು ಬಿಡುತ್ತಿದ್ದರು. ಸಸಿಗಿಂತ ಹುಲ್ಲು ಚೆನ್ನಾಗಿ ಬಂದಿತ್ತು. ಕೆಂಪಣ್ಣನ ಹೆಂಡತಿ ಬೆಟ್ಟಮ್ಮ ದಿನಾ ಬೆಳಿಗ್ಗೆ ಲೂಪು ದಾಟಿ ಒಳಗೆ ಹೋಗಿ, ಹಸುವಿಗೆ ಒಂದು ಹೊರೆ ಕೊಯ್ದು, ತಲೆಯ ಮೇಲೆ ಹೊತ್ತು, ಮತ್ತೆ ಲೂಪು ದಾಟಿ ಮನೆಗೆ ಬರುತ್ತಿದ್ದಳು.

ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು. ಆಶಾರಾಣಿ ಎರಡನೇ ಸಲ ಸಾರು ಬಡಿಸಿಕೊಂಡಳು.

“ದೊಡ್ಡವ್ವ, ಕಾಳು ಬಲೇ ಚೆನ್ನಾಗವೆ.”

“ಈ ವರ್ಷದ್ದು ಕಣವ್ವ,” ಅಂದಳು ಬೆಟ್ಟಮ್ಮ. “ಕಲ್ಲಿಲ್ಲ, ಮಣ್ಣಿಲ್ಲ. ಆರ್ಸೋ ಕೆಲ್ಸನೇ ಇಲ್ಲ.”

ಕೆಂಪಣ್ಣ ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಿದ. ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. “ಎಂಗೆ ಇರ್ತದೆ ಕಲ್ಲು? ನಿನ್ ರೋಡ್ ಮ್ಯಾಲೆ ಒಕ್ಕಣೆ ಮಾಡಿದ್ದು! ನುಣ್ಣಗೆ ಗಾಜಿದ್ದಂಗೈತೆ. ನಮ್ಮಪ್ಪನ ಕಾಲದಲ್ಲೂ ಇಂತಾ ಕಣ ಇರ್ಲಿಲ್ಲ.”

ಆಶಾರಾಣಿಯ ಕೈ ತಟ್ಟೆಯಲ್ಲೇ ನಿಂತಿತು. ಈ ಸೀಮೆಯಲ್ಲಿ ಇದು ಹೊಸದೇನಲ್ಲ. ಸುಗ್ಗಿ ಬಂತೆಂದರೆ ಟಾರು ರಸ್ತೆಯ ಮೇಲೆ ಕುಯ್ದ ಬೆಳೆ ಹರಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾಯುತ್ತವೆ, ಕಾಳು ಉದುರುತ್ತದೆ, ಎತ್ತೂ ಬೇಡ, ಉರುಳಿಸುವ ರೋಣಗಲ್ಲೂ ಬೇಡ. ಅವಳೇ ಚಿಕ್ಕಂದಿನಲ್ಲಿ ಹಾಗೆ ಹರಡಿದ ರಾಗಿ ಹುಲ್ಲಿನ ಮೇಲೆ ಉರುಳಾಡಿ ಬೈಸಿಕೊಂಡವಳು.

“ಲೂಪ್ ಮೇಲಾ? ಯಾವಾಗ ದೊಡ್ಡಪ್ಪ?”

“ಹಬ್ಬ ಆದ್ಮೇಲೆ. ನಮ್ದು, ಲಕ್ಕಯ್ಯಂದು, ಇನ್ನೂ ನಾಕ್ ಮನೇದು. ಸರದಿ ಮ್ಯಾಲೆ ಒಂದ್ ತಿಂಗ್ಳು. ಮ್ಯಾಲಿನ ರೋಡಲ್ಲಿ ಆಕುದ್ರೆ ಗಾಡಿ ರಬಸಕ್ಕೆ ಕಾಳೆಲ್ಲ ಚೆಲ್ಲಾಪಿಲ್ಲಿ. ಊರೊಳಗಿನ ರೋಡಲ್ಲಿ ಗಾಡಿನೇ ಬರಕ್ಕಿಲ್ಲ. ಲೂಪಲ್ಲಿ ನೋಡು, ಎಲ್ಲಾ ಎತ್ತು ಸುತ್ತಿದಂಗೆ ನಿದಾನಕ್ಕೆ ಸುತ್ಕೊಂಡು ಓಯ್ತವೆ. ಗಾಳಿ ಬಂದಾಗ ತೂರ್ಕೋ ಅಂತಾರಲ್ಲ, ಅಂಗಾಯ್ತು. ನಿನ್ ಮಿಷನ್ನೂ ನಾನೇ ಕಾದಿದ್ದು ಕಣವ್ವ. ಆ ರಬ್ಬರ್ ಪೈಪಿನ ಮ್ಯಾಲೆ ಒಂದ್ ಕಡ್ಡಿ ಬೀಳ್ದಂಗೆ, ಅದ್ರಿಂದ ಮುಂದಕ್ಕೆ ಹರಡುಸ್ದೆ.”

ಏಜೆನ್ಸಿಯವರು ಸಂಜೆ ಬಂದು ಕೊಳವೆ ಹಾಸಿದ್ದರು, ಇನ್ನೊಂದು ಸಂಜೆ ಬಂದು ಕಿತ್ತುಕೊಂಡು ಹೋಗಿದ್ದರು. ಸಂಜೆಯ ಹೊತ್ತಿಗೆ ಹೊಟ್ಟು, ಕಾಳು ಎಲ್ಲ ಗುಡಿಸಿ ಮನೆಗೆ ಸೇರಿರುತ್ತಿತ್ತು. ಹಗಲೆಲ್ಲ ಬಂದವರು ತಿರುವಿನಲ್ಲಿ ಮಂಡಿಯೆತ್ತರ ಹುರುಳಿ ಗಿಡ ಬಿದ್ದಿರುವುದನ್ನು ಕಂಡು ಬ್ರೇಕ್ ತುಳಿದಿದ್ದರು. ಅಳೆದದ್ದು ಅದನ್ನೇ. ಆಶಾರಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ದೊಡ್ಡಪ್ಪ, ಅವು ನಿಧಾನಕ್ಕೆ ಹೋಗಿದ್ದು ನಿಮ್ಮ ಹುರುಳಿ ನೋಡಿ.”

ಕೆಂಪಣ್ಣ ನಕ್ಕೇಬಿಟ್ಟ. “ಉಳ್ಳಿ ನೋಡಿ ಯಾವನವ್ವ ನಿಲ್ಲಿಸ್ತಾನೆ? ಆ ರೋಡೇ ಅಂಗೆ. ಅದ್ರ ಗುಣನೇ ನಿದಾನ. ಒಂದ್ ತಿಂಗ್ಳು ಕಲ್ ಮ್ಯಾಲೆ ಕುಂತು ನೋಡಿವ್ನಿ ನಾನು. ನಿಮ್ ದೊಡ್ಡವ್ವಂಗೂ ಯೇಳಿವ್ನಿ, ನೀನು ತಲೆ ಮ್ಯಾಲೆ ಹೊರೆ ಇಟ್ಕೊಂಡು ಸುಮ್ನೆ ದಾಟು, ಅತ್ಲಾಗಿತ್ಲಾಗೆ ನೋಡ್ಬೇಡ, ಅವ್ರೇ ನಿಲ್ಲಿಸ್ತಾರೆ ಅಂತ.”

“ನೋಡಾಕಾದ್ರೂ ಎಲ್ಲಾಯ್ತದೆ,” ಅಂದಳು ಬೆಟ್ಟಮ್ಮ ಒಳಗಿನಿಂದ. “ಉಲ್ಲು ಕಣ್ಮುಂದೇನೇ ಇಳಿಬಿದ್ದಿರ್ತದೆ.”

ಹುರುಳಿ ಮುಗಿದು ಎಷ್ಟೋ ದಿನವಾಗಿತ್ತು. ಲೂಪು ಈಗ ಬರಿದು. ಅದರ ಮೇಲೆ ದೊಡ್ಡವ್ವ ದಿನಾ ಕಣ್ಣು ಮುಚ್ಚಿದವಳ ಹಾಗೆ ದಾಟುತ್ತಿದ್ದಾಳೆ. ಆಶಾರಾಣಿಗೆ ನಿಜವಾಗಿ ಹೆದರಿಕೆಯಾಯಿತು. ಹಾಗೆ ದಾಟಬೇಡಿ ಎಂದು ಅಲ್ಲೇ ಹೇಳಿದಳು, ಬೇಡಿಕೊಂಡಳು. ದೊಡ್ಡಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುವಂತೆ ಬಲವಂತ ಮಾಡಿದ, ಅಷ್ಟೇ.

ಹಾಸನಕ್ಕೆ ಹೋಗಿ ಕೀರ್ತಿರಾಜನಿಗೆ ಎಲ್ಲವನ್ನೂ ಹೇಳಿದಳು. ಕೀರ್ತಿರಾಜ್ ಕೆಟ್ಟವನಲ್ಲ, ಫೈಲಿನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವನು, ಅಷ್ಟೇ.

“ನಾಳೆ ನಾನೇ ಸ್ಪೀಡ್ ಗನ್ ಹಿಡಿದು ಅಳೀತೀನಿ ಸರ್.”

“ಅಳೀರಿ. ಆದ್ರೆ ಒಂದು ವಾರದ ಸರ್ವೆ ಎದುರಿಗೆ ನಿಮ್ಮ ಒಂದು ದಿನದ ಅಂಕಿ ನಿಲ್ಲಲ್ಲ. ಹಳೆ ಸರ್ವೆ ತಪ್ಪು ಅನ್ನೋಕೆ ಕಾರಣ ಬೇಕು. ಕಾರಣ ಏನು? ರಸ್ತೆ ಮೇಲೆ ಬೆಳೆ ಇತ್ತು. ಇತ್ತು ಅಂತ ಯಾರು ಹೇಳ್ತಾರೆ? ಹರಡಿದವರು ಹೇಳ್ಬೇಕು, ಹೇಳಿಕೆ ಕೊಡ್ಬೇಕು. ಊಟದ ಮನೆ ಮಾತು ನಡೆಯಲ್ಲ.” ಫೈಲು ಮುಚ್ಚುತ್ತ ಸೇರಿಸಿದ. “ಹೆದ್ದಾರಿ ಮೇಲೆ ಒಕ್ಕಣೆ ಮಾಡಿದ್ದು ಅಂತ ಬರೆದುಕೊಟ್ರೆ ಅದು ಪೊಲೀಸ್ ಕೇಸು. ನಿಮ್ಮ ದೊಡ್ಡಪ್ಪ ಬರೆದುಕೊಡ್ತಾರಾ?”

ಉಗುಳಲಾಗದ ನುಂಗಲಾಗದ ಬಿಸಿ ತುಪ್ಪ. ಅಂಕಿ ಹಾಗೇ ಬಿಟ್ಟರೆ ಲೂಪಿಗೆ ಉಬ್ಬುಪಟ್ಟಿಯೂ ಇಲ್ಲ, ಕೆಳಗಿನ ದಾರಿಯೂ ಇಲ್ಲ; ಒಂದಲ್ಲ ಒಂದು ದಿನ ದೊಡ್ಡವ್ವ ಅಲ್ಲಿ ಬೀಳುತ್ತಾಳೆ. ಅಂಕಿ ತಿದ್ದಬೇಕೆಂದರೆ ದೊಡ್ಡಪ್ಪನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಕು. ಹೋದ ವರ್ಷ ಇನ್ನೊಂದು ಹೋಬಳಿಯಲ್ಲಿ ರಾಗಿ ಹುಲ್ಲಿನ ಮೇಲೆ ಒಬ್ಬ ಬೈಕಿನಿಂದ ಜಾರಿ ಕಾಲು ಮುರಿದುಕೊಂಡಿದ್ದ. ಹರಡಿದವರು ಇನ್ನೂ ಕೋರ್ಟಿಗೆ ಅಲೆಯುತ್ತಿದ್ದರು. ಊರಿಗೆಲ್ಲ ಪಂಚಾಯ್ತಿ ಹೇಳುವವನಿಗೆ ಅಂಥ ಅಲೆದಾಟ ಸಾವಿಗಿಂತ ಕಡಿಮೆಯಲ್ಲ.

ಮಾರನೇ ದಿನ ಕೀರ್ತಿರಾಜನನ್ನೇ ಕರೆದುಕೊಂಡು ಊರಿಗೆ ಬಂದಳು. ಎದುರಿಗೆ ಕೇಳಿದರೆ ದೊಡ್ಡಪ್ಪ ಸುಳ್ಳು ಹೇಳಲಿಕ್ಕಿಲ್ಲ ಎಂದು ಅವಳ ಲೆಕ್ಕ. ಜಗುಲಿಯ ಮೇಲೆ ಕೆಂಪಣ್ಣ, ನೆರೆಯ ಲಕ್ಕಯ್ಯ, ಇನ್ನಿಬ್ಬರು ಕೂತಿದ್ದರು. ಕೀರ್ತಿರಾಜ್ ಮರ್ಯಾದೆಯಿಂದಲೇ ಕೇಳಿದ.

“ಒಕ್ಕಣೆನಾ? ರೋಡಲ್ಲಾ?” ಕೆಂಪಣ್ಣ ಆಕಾಶದಿಂದ ಬಿದ್ದವನ ಹಾಗೆ ಮಾಡಿದ. “ನಮಗೇನ್ ಮನೆಯಿಲ್ವಾ ಕಣ ಇಲ್ವಾ ಸಾ? ಯಾರೋ ತಪ್ಪಾಗಿ ಯೇಳವ್ರೆ.”

“ಅದೂ ಅಲ್ದೆ ಈ ವರ್ಷ ನಾವು ಉಳ್ಳಿನೇ ಆಕಿಲ್ಲ,” ಅಂದ ಲಕ್ಕಯ್ಯ, ಯಾರೂ ಕೇಳದೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ಅವನ ಬೆನ್ನ ಹಿಂದೆ ಗೋಡೆಗೆ ಆನಿಸಿದ ಚೀಲದಿಂದ ನಾಲ್ಕು ಹುರುಳಿಕಾಳು ನೆಲಕ್ಕೆ ಚೆಲ್ಲಿಕೊಂಡಿದ್ದವು. ಕೀರ್ತಿರಾಜ್ ನೋಡಿದ, ನೋಡದವನ ಹಾಗೆ ಕಾಫಿ ಕುಡಿದ.

ಆಶಾರಾಣಿ ದೊಡ್ಡಪ್ಪನ ಮುಖ ನೋಡಿದಳು. ಅವನು ನೋಡಲಿಲ್ಲ. ಅವಳಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು, ತನ್ನ ಮೇಲೂ ಅವನ ಮೇಲೂ. ಮೇಲಧಿಕಾರಿಯನ್ನು ಜಗುಲಿಯಲ್ಲೇ ಬಿಟ್ಟು, ಜೀಪಿನಿಂದ ಸ್ಪೀಡ್ ಗನ್ ತಂದಳು. ಕೂದಲು ಒಣಗಿಸುವ ಯಂತ್ರದಷ್ಟೇ ಇರುವ ಸಾಮಾನು. ಬರುವ ಗಾಡಿಯ ಕಡೆ ಹಿಡಿದು ಒತ್ತಿದರೆ ಹಿಂದುಗಡೆಯ ಪುಟ್ಟ ಪರದೆಯ ಮೇಲೆ ವೇಗ ಬೀಳುತ್ತದೆ.

“ಬನ್ನಿ ದೊಡ್ಡಪ್ಪ. ನೀವು ಏನೂ ಒಪ್ಕೋಬೇಡಿ. ಸುಮ್ನೆ ನನ್ ಜೊತೆ ನಿಂತು ನೋಡಿ.”

ನಾಲ್ಕು ಜನರ ಎದುರಿಗೆ ತಮ್ಮನ ಮಗಳು ಕರೆದರೆ ಇಲ್ಲ ಅನ್ನಲು ಅವನಿಗಾಗಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದ. ಇಬ್ಬರೂ ಲೂಪಿನ ಹೊರಮಗ್ಗುಲಿನ ಮಣ್ಣಿನಲ್ಲಿ ನಿಂತರು. ಎದುರಿಗೆ ತಿರುವು, ಅದರೊಳಗೆ ಹಸಿರು ದುಂಡು ಜಾಗ. ಗಾಡಿಗಳು ಮೇಲಿನಿಂದ ಸುತ್ತಿಕೊಂಡು ಇಳಿಯುತ್ತಿದ್ದವು.

ಮೊದಲನೆಯದಕ್ಕೆ ಐವತ್ತೆಂಟು ಬಿತ್ತು.

“ಅದು ಬೆಂಗ್ಳೂರ್ ಗಾಡಿ ಕಣವ್ವ. ಅವ್ರಿಗೆ ಯಾವಾಗ್ಲೂ ಆತ್ರ.”

ಅರವತ್ತಮೂರು.

“ಅದ್ರಲ್ಲಿ ಮದ್ವೆ ಜನ ಅವ್ರೆ, ನೋಡ್ಲಿಲ್ವಾ ಊವಿನ ಆರ? ಮೂರ್ತಕ್ಕೆ ಲೇಟಾಗದೆ ಪಾಪ.”

ಇನ್ನೊಂದು ಬಂತು, ಅರವತ್ತು. ಕೆಂಪಣ್ಣ ಗಾಡಿ ಹೋದ ಕಡೆಗೆ ಕತ್ತು ಚಾಚಿದ.

“ಇದು ಹದಿಮೂರರ ನಂಬರ್ ಪ್ಲೇಟು ದೊಡ್ಡಪ್ಪ. ನಮ್ಮ ಹಾಸನದ್ದೇ.”

“ನಿನ್ ಮಿಷನ್ನೇ ಸರಿ ಇಲ್ಲ ಬುಡು,” ಅಂದ. “ಮಿಷನ್ ಯೇಳಿದ್ದು ನಂಬ್ಲಾ, ಕಣ್ಣಾರ ಕಂಡಿದ್ದು ನಂಬ್ಲಾ?” ಆದರೂ ಅಲ್ಲಿಂದ ಕದಲಲಿಲ್ಲ. ಬಗ್ಗಿ ಆ ಪುಟ್ಟ ಪರದೆಯನ್ನೇ ನೋಡುತ್ತಿದ್ದ. ತಿಂಗಳುಗಟ್ಟಲೆ ನಂಬಿದ್ದನ್ನು ಒಂದು ಗಳಿಗೆಯಲ್ಲಿ ಬಿಡುವುದು ಯಾರಿಗೂ ಸುಲಭವಲ್ಲ, ಅದರಲ್ಲೂ ಹತ್ತು ಜನಕ್ಕೆ ಬುದ್ಧಿ ಹೇಳುವವನಿಗೆ.

ಬಿಳಿಯ ಕಾರೊಂದು ಮೇಲೆ ಹೆದ್ದಾರಿಯಿಂದ ತಿರುಗಿತು. ಆಶಾರಾಣಿ ಗನ್ ಎತ್ತಿ ಒತ್ತಿದಳು. ಎಪ್ಪತ್ತೆರಡು. ಕೆಂಪಣ್ಣ ಅದನ್ನು ಓದಿದ. ಓದಿ ತಲೆ ಎತ್ತಿದ. ಎದುರಿಗೆ ಹಸಿರು ಜಾಗದ ಅಂಚಿನಲ್ಲಿ ಒಂದು ಹುಲ್ಲಿನ ಹೊರೆ ನಡೆದು ಬರುತ್ತಿತ್ತು. ಹೊರೆಯ ಕೆಳಗೆ ಕೆಂಪು ಸೀರೆ, ಎರಡು ಕಾಲು. ಮುಖ ಕಾಣುತ್ತಿರಲಿಲ್ಲ. ಹಸು ಈದಿದ್ದರಿಂದ ಬೆಳಗಿನ ಹೊರೆ ಸಾಲದೆ ಬೆಟ್ಟಮ್ಮ ಆವತ್ತು ಎರಡನೇ ಸಲ ಬಂದಿದ್ದಳು. ಒಂದು ಕಾಲನ್ನು ಆಗಲೇ ಟಾರಿನ ಮೇಲೆ ಇಟ್ಟಿದ್ದಳು.

“ಬೆಟ್ಟಮ್ಮಾ!”

ಆ ಕೂಗು ಕೆಂಪಣ್ಣನದು. ಮದುವೆಯಾಗಿ ಮೊಮ್ಮಕ್ಕಳು ಶಾಲೆಗೆ ಹೋಗುವಷ್ಟು ಕಾಲವಾಗಿತ್ತು, ಅವನು ಒಂದು ದಿನವೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಅವನನ್ನು ಹೆತ್ತ ತಾಯಿಯ ಹೆಸರೂ ಬೆಟ್ಟಮ್ಮ. ಅತ್ತೆಯ ಹೆಸರಿನ ಸೊಸೆ ಮನೆಗೆ ಬಂದಾಗ ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರದೆ ಹೋಯಿತು. “ಇವಳೇ”, “ಅಮ್ಮೀ”, “ಕೇಳಿಸ್ತಾ” ಇಷ್ಟರಲ್ಲೇ ಒಂದು ಸಂಸಾರ ನಡೆದುಹೋಗಿತ್ತು. ಕಾರಿನ ಸದ್ದಿಗೆ ನಿಲ್ಲದವಳು ತನ್ನ ಹೆಸರಿನ ಸದ್ದಿಗೆ ಕಂಬದ ಹಾಗೆ ನಿಂತುಬಿಟ್ಟಳು.

ನಿಂತ ರಭಸಕ್ಕೆ ಹೊರೆ ಮುಂದಕ್ಕೆ ಜಾರಿ ರಸ್ತೆಗೆ ಬಿತ್ತು. ಕಾರು ಕಿರಿಚಿಕೊಂಡು ಹೊರೆಯ ಮೇಲೆ ಹಾದು, ಬಾಲ ಹೊರಕ್ಕೆ ತಿರುಚಿಕೊಂಡು, ಆಶಾರಾಣಿ ನಿಂತ ಮಣ್ಣಿಗೆ ಒಂದು ಚಕ್ರ ಇಳಿಸಿ ಮತ್ತೆ ರಸ್ತೆಗೆ ಹತ್ತಿತು. ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹಾಕಿ ಏನೋ ಬೈದು ಹೋದ. ಬೆಟ್ಟಮ್ಮನ ಸೆರಗಿಗೂ ಅದು ತಾಕಿರಲಿಲ್ಲ. ಅವಳು ಹೋದ ಕಾರನ್ನು ನೋಡಲಿಲ್ಲ, ಚೆಲ್ಲಿದ ಹುಲ್ಲನ್ನೂ ನೋಡಲಿಲ್ಲ. ಬಾಯಿ ತೆರೆದುಕೊಂಡು ಗಂಡನನ್ನೇ ನೋಡುತ್ತಿದ್ದಳು.

ಆಶಾರಾಣಿ ಓಡಿಹೋಗಿ ಅವಳನ್ನು ಈಚೆಗೆ ಕರೆತಂದಳು. ಹುಲ್ಲು ಲೂಪಿನ ಅಗಲಕ್ಕೂ ಹರಡಿಕೊಂಡಿತ್ತು. ಅಷ್ಟರಲ್ಲಿ ತೆಂಗಿನಕಾಯಿ ತುಂಬಿದ ಒಂದು ಲಾರಿ ತಿರುವಿಗೆ ಬಂತು. ಹಸಿರು ಕಂಡು ಬ್ರೇಕ್ ಹಾಕಿತು. ಮೆಲ್ಲಗೆ ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಅದರ ಹಿಂದಿನ ಕಾರೂ ಹಾಗೇ ಹೋಯಿತು.

“ಆ ಮಿಷನ್ ಹಿಡಿ ಕಣವ್ವ,” ಅಂದ ಕೆಂಪಣ್ಣ. “ಈಗ ಬರೋದುಕ್ಕೆ ಹಿಡಿ.”

ಒಂದು ಗೂಡ್ಸ್ ಆಟೋ, ಇಪ್ಪತ್ತೊಂಬತ್ತು. ಒಂದು ಕಾರು, ಮೂವತ್ತೊಂದು. ಯಾವ ಅಂಕಿ ಕಂಡು ಹಾಸನದ ಆಫೀಸಿನಲ್ಲಿ ಕೀರ್ತಿರಾಜ್ ಎದ್ದು ನಿಂತಿದ್ದ, ಅದೇ ಅಂಕಿ.

ಕೆಂಪಣ್ಣ ಮಣ್ಣಿನಲ್ಲೇ ಕುಕ್ಕರಿಸಿದ. ಟವಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. “ರೋಡಿನ ಗುಣ ಅಂದ್ಕೊಂಡಿದ್ದೆ,” ಅಂದ. “ನಮ್ ಉಳ್ಳಿನೇ ನೋಡ್ಕೊಂಡು ಕುಂತಿದ್ದೆ ಒಂದ್ ತಿಂಗ್ಳು. ದಾಟು ಅಂತ ಇವ್ಳನ್ನ ನಾನೇ ಕಳಿಸ್ದೆ. ನಾನೇ.” ಅವನು ಅಳುತ್ತಿದ್ದಾನೆ ಎಂದು ತಿಳಿಯಲು ಆಶಾರಾಣಿಗೆ ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡಪ್ಪ ಅತ್ತದ್ದನ್ನು ಅವಳು ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಹೋಗಿ ಹುಲ್ಲನ್ನು ಬಾಚಿ ಪಕ್ಕಕ್ಕೆ ಹಾಕತೊಡಗಿದಳು. ಹಾಗೇ ಬಿಟ್ಟರೆ ಬೈಕಿನವನು ಯಾರಾದರೂ ಜಾರುತ್ತಾನೆ.

ಜಗುಲಿಗೆ ವಾಪಸ್ಸು ಬಂದಾಗ ಲಕ್ಕಯ್ಯ ಕೀರ್ತಿರಾಜನಿಗೆ ಈ ವರ್ಷ ಮಳೆ ಹೇಗೆ ಕೈಕೊಟ್ಟಿತು, ಆದ್ದರಿಂದ ಹುರುಳಿ ಹೇಗೆ ಬರಲೇ ಇಲ್ಲ ಎಂದು ವಿವರಿಸುತ್ತಿದ್ದ. ಕೆಂಪಣ್ಣ ಮೆಟ್ಟಿಲು ಹತ್ತಲಿಲ್ಲ, ಅಂಗಳದಲ್ಲೇ ನಿಂತ.

“ಬರ್ಕಳಿ ಸಾ. ಆ ಲೂಪ್ ಮ್ಯಾಲೆ ಒಕ್ಕಣೆ ಮಾಡಿದ್ದು ನಿಜ.”

“ಅಣ್ಣೋ, ಏನ್ ಮಾತಾಡ್ತಾ ಇದ್ದೀಯಾ!” ಲಕ್ಕಯ್ಯ ಎದ್ದುಬಿಟ್ಟ. “ಕೇಸಾಯ್ತದೆ ಕಣಣ್ಣ. ಠಾಣೆಗೆ ಕರೀತಾರೆ.”

“ಕರೀಲಿ. ಓಯ್ತೀನಿ. ನಿಂದು ಬ್ಯಾಡ, ಊರೋರ್ದು ಯಾರ್ದೂ ಬ್ಯಾಡ. ನನ್ನೆಸ್ರು ಒಂದೇ ಬರ್ಕಳಿ ಸಾ. ಆ ರೋಡ್ ಸರಿ ಮಾಡ್ಸಿ, ಅಷ್ಟೇ. ಕೆಳಗಿಂದ ಒಂದ್ ದಾರಿ ಬುಡ್ಸಿ.”

ಕೀರ್ತಿರಾಜ್ ಕಾಫಿ ಲೋಟ ಕೆಳಗಿಟ್ಟು ಚೀಲದಿಂದ ಹಾಳೆ ತೆಗೆದ. ಬರೆಯುತ್ತ ಬರೆಯುತ್ತ ಅವನ ದನಿಯೂ ಮೆತ್ತಗಾಯಿತು. ಹಸ್ತಾಂತರ ನಿಲ್ಲುತ್ತದೆ, ಸರ್ವೆ ಮತ್ತೆ ಆಗುತ್ತದೆ, ಅಲ್ಲಿಯವರೆಗೆ ನಾಳೆಯಿಂದಲೇ ಲೂಪಿನ ಬಾಯಿಗೆ ಡ್ರಮ್ಮು ಅಡ್ಡ ಇಡಿಸುತ್ತೇನೆ ಎಂದ. ನೋಟೀಸು ಬರುವುದಂತೂ ಬರುತ್ತದೆ, ಅದನ್ನು ತಪ್ಪಿಸುವುದು ತನ್ನ ಕೈಯಲ್ಲಿಲ್ಲ ಎಂದೂ ಹೇಳಿದ. ಕೆಂಪಣ್ಣ ತಲೆಯಾಡಿಸಿದ. ಆಶಾರಾಣಿಗೆ ದೊಡ್ಡಪ್ಪನ ಮೇಲೆ ಆಗಷ್ಟೇ ಹುಟ್ಟಿದ್ದ ನಾಚಿಕೆಯೆಲ್ಲ ಎಲ್ಲಿ ಹೋಯಿತೋ, ಅವನ ಪಕ್ಕದಲ್ಲಿ ಹೋಗಿ ನಿಂತುಕೊಂಡಳು.

“ಬೆಳೆ ರಸ್ತೆ ಮೇಲೆ ಹರಡಿದವರು ನೀವೇ ಅಂತ ಬರ್ಕೋತೀನಿ,” ಅಂದ ಕೀರ್ತಿರಾಜ್.

“ನಾನೇ.”

“ಸುಳ್ಳು,” ಅಂದಳು ಬೆಟ್ಟಮ್ಮ.

ಅವಳು ಬಾಗಿಲ ಪಕ್ಕದಲ್ಲಿ ನಿಂತಿದ್ದನ್ನು ಯಾರೂ ಗಮನಿಸಿರಲಿಲ್ಲ. ಕೂದಲಲ್ಲಿ ಇನ್ನೂ ಒಂದೆರಡು ಎಳೆ ಹುಲ್ಲಿತ್ತು.

“ಅರಡಿದ್ದು ನಾನು. ತಿರುವಿ ಹಾಕಿದ್ದು ನಾನು. ಗುಡ್ಸಿ, ತೂರಿ, ಚೀಲಕ್ಕೆ ತುಂಬಿದ್ದು ನಾನು. ಇವ್ರು ಬರೀ ಕಲ್ ಮ್ಯಾಲೆ ಕುಂತಿದ್ರು. ಬರಿಯಂಗಿದ್ರೆ ನನ್ನೆಸ್ರೂ ಬರೀರಿ. ಠಾಣೆಗೆ ಇವ್ರೊಬ್ರನ್ನೇ ಕಳ್ಸಕ್ಕೆ ಆಗಕ್ಕಿಲ್ಲ, ಅಲ್ಲೂ ಏನಾದ್ರೂ ಒಂದ್ ನೋಡ್ಕೊಂಡು ಕುಂತುಬಿಡ್ತಾರೆ.”

ಲಕ್ಕಯ್ಯ ನಕ್ಕುಬಿಟ್ಟ, ಆಮೇಲೆ ಬಾಯಿ ಮುಚ್ಚಿಕೊಂಡ. ಕೀರ್ತಿರಾಜ್ ಪೆನ್ನು ಎತ್ತಿಕೊಂಡ.

“ನಿಮ್ಮ ಹೆಸರೇನಮ್ಮ?”

ಬೆಟ್ಟಮ್ಮ ಸೆರಗು ಸರಿಮಾಡಿಕೊಂಡು ಗಂಡನ ಕಡೆಗೆ ತಿರುಗಿ ನಿಂತಳು. ಆಶಾರಾಣಿಗೆ ಹೇಳಲು ಬಾಯಿಗೆ ಬಂದಿತ್ತು, ದೊಡ್ಡವ್ವನ ಮುಖ ನೋಡಿ ಸುಮ್ಮನಾದಳು.

“ಯೇಳ್ರಲ್ಲ,” ಅಂದಳು ಬೆಟ್ಟಮ್ಮ. “ಸಾಯೇಬ್ರು ಕೇಳ್ತಾವ್ರೆ.”

ಕೆಂಪಣ್ಣ ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. ನೆಲ ನೋಡಿದ. ಲಕ್ಕಯ್ಯನನ್ನು ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

“ಬೆಟ್ಟಮ್ಮ,” ಅಂದ, ಈ ಸಲ ಮೆಲ್ಲಗೆ. “ಬೆಟ್ಟಮ್ಮ ಅಂತ ಬರ್ಕಳಿ ಸಾ.”